ಪೈಪಿನಲ್ಲಿಟ್ಟ ಗಡಿಗಳು

ನನ್ನ ಭಾವನ ಮನೆಯ ಮೇಲಿನ ಕೋಣೆಗೆ ಒಂದು ದಿನ ಗೆದ್ದಲು ಹಿಡಿದರೆ ಪ್ರಪಂಚದ ಏಳೆಂಟು ದೇಶಗಳ ಜಗಳ ತಾನಾಗಿ ನಿಂತುಹೋಗುತ್ತದೆ! ನಂಬಿಕೆ ಬರುವುದಿಲ್ಲವೇ? ವೇಣೂರಿಗೆ ಬನ್ನಿ. ಬಸ್ಸಿಳಿದು ಪಂಪ್‌ಸೆಟ್ ರಿಪೇರಿಯವರ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಕಾಶೆಯವರ ಮನೆ ಎಂದು ಕೇಳಿದರೆ ಮಾತ್ರ ಅದೇ ಜನ ಮೊದಲು ನಗುತ್ತಾರೆ, ಆಮೇಲೆ ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. ಏಕೆಂದರೆ ನಕಾಶೆ ನೋಡಲೆಂದು ಒಳಗೆ ಹೋದವರು ಎರಡು ಗಂಟೆಗೆ ಮೊದಲು ಹೊರಗೆ ಬಂದ ಉದಾಹರಣೆ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಜೀವಮಾನವಿಡೀ ಕೆಟ್ಟ ಪಂಪು ಬಿಚ್ಚಿ ಜೋಡಿಸಿದವರು. ಇಂಥವರು ಹಳೆಯ ನಕಾಶೆ ಒಟ್ಟುಮಾಡುತ್ತಾರೆ ಎಂದರೆ ಊರಿನ ಹಳೆಯ ಚಿತ್ರ ಇರಬಹುದು, ಪೋರ್ಚುಗೀಸರ ಹಡಗಿನ ದಾರಿ ಇರಬಹುದು ಎಂದು ನೀವು ಅಂದುಕೊಳ್ಳಬಹುದು. ಅದೆಲ್ಲ ಇವರಿಗೆ ನಡೆಯುವುದಿಲ್ಲ. ಇವರಿಗೆ ಬೇಕಾದದ್ದು ಗಡಿಯ ನಕಾಶೆ. ಅದೂ ತಕರಾರಿನ ಗಡಿ! ಟಿಬೆಟ್ಟಿನ ಅಂಚು, ಅಫಘಾನಿಸ್ತಾನದ ಕಣಿವೆ, ಬರ್ಮಾದ ಕಾಡು, ಆಫ್ರಿಕಾದಲ್ಲಿ ಯಾವನೋ ಸ್ಕೇಲು ಇಟ್ಟು ಎಳೆದ ಮರುಭೂಮಿ. ಗೆರೆ ಚುಕ್ಕೆಚುಕ್ಕೆಯಾಗಿದ್ದು, ಪಕ್ಕದಲ್ಲಿ ಇನ್ನೂ ಅಳತೆ ಆಗಿಲ್ಲ ಎಂದು ಬರೆದಿದ್ದರೆ ಭಾವನಿಗೆ ಆ ದಿನ ಹಬ್ಬ.

"ಗಟ್ಟಿ ಗೆರೆ ಇದ್ದರೆ ಅದರಲ್ಲಿ ನೋಡಲಿಕ್ಕೆ ಎಂತ ಉಂಟು? ಅದು ತೀರ್ಮಾನ ಆದ ಜಾಗ," ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ತುಳು ಮಾತಾಡುವವರು. ನಕಾಶೆಯ ವಿಷಯ ಬಂದರೆ ಮಾತ್ರ ಭಾವ ತುಳು ಬಿಟ್ಟು ಕನ್ನಡಕ್ಕೆ ಬರುತ್ತಾರೆ. ವಿಷಯ ಗಂಭೀರ ಎಂದು ನಮಗೆ ಗೊತ್ತಾಗಲಿ ಎಂದು!

ಇದು ಶುರುವಾದದ್ದು ಗ್ರೀಸಿನಿಂದ. ಗ್ರೀಸು ಹಚ್ಚಿದ ಬೇರಿಂಗು ಸುತ್ತಿಡಲು ಭಾವ ಬಂಟ್ವಾಳದ ಗುಜರಿ ಅಂಗಡಿಯಿಂದ ಹಳೆಯ ಕಾಗದ ತರುತ್ತಿದ್ದರು. ಒಂದು ದಿನ ಆ ಕಟ್ಟಿನಲ್ಲಿ ಬಟ್ಟೆಗೆ ಅಂಟಿಸಿದ ದಪ್ಪ ಹಾಳೆಯೊಂದು ಬಂತು. ಬಿಡಿಸಿದರೆ ಪರ್ವತಗಳು, ನದಿಗಳು, ನಡುವೆ ದೊಡ್ಡದೊಂದು ಬಿಳಿ ಜಾಗ. ಆ ಬಿಳಿ ಜಾಗದ ಎದುರು ಕುಕ್ಕರುಗಾಲಿನಲ್ಲಿ ಕುಳಿತ ಭಾವ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲವಂತೆ. ಬೇರಿಂಗು ಅಲ್ಲೇ ತುಕ್ಕು ಹಿಡಿಯಿತು.

ಇಷ್ಟೆಲ್ಲ ಗಡಿ ಬಲ್ಲ ಮನುಷ್ಯ ಎಷ್ಟು ಗಡಿ ದಾಟಿರಬಹುದು? ಒಂದೂ ಇಲ್ಲ! ಮೂಡಣಕ್ಕೆ ಅವರ ಸರಹದ್ದು ಚಾರ್ಮಾಡಿ. ಅದಕ್ಕೆ ಅವರು ಕೊಡುವ ಕಾರಣವೂ ಭೌಗೋಳಿಕವಾದದ್ದೇ. ಘಾಟಿ ಹತ್ತಿದರೆ ಕುಚ್ಚಲಕ್ಕಿ ಅನ್ನ ಸಿಗುವುದಿಲ್ಲ, ಬೆಳ್ತಿಗೆ, ಎಂದರೆ ಬಿಳಿ ಅಕ್ಕಿಯ ಅನ್ನ, ತಿಂದರೆ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ.

ನಕಾಶೆಗಳನ್ನು ಇಡುವ ಕ್ರಮವೂ ಅವರದ್ದೇ. ನಮ್ಮ ಕಡೆಯ ತೇವಕ್ಕೆ ಕಾಗದ ಮೂರು ಮಳೆಗಾಲ ನಿಲ್ಲುವುದಿಲ್ಲ. ಭಾವ ಪ್ರತಿಯೊಂದನ್ನೂ ಸುರುಳಿ ಸುತ್ತಿ, ಕರಿಮೆಣಸು ಹಾಕಿ, ತೋಟದ ನೀರಾವರಿಗೆ ಬಳಸುವ ಪಿವಿಸಿ ಪೈಪಿನೊಳಗೆ ತೂರಿಸಿ, ಎರಡೂ ಕಡೆ ಮುಚ್ಚಳ ಬಡಿಯುತ್ತಾರೆ. ಅಂಗಡಿಯಲ್ಲಿ ಮಾರುವ ಪೈಪು ಯಾವುದು, ನಕಾಶೆಯ ಪೈಪು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಒಮ್ಮೆ ಟಿಬೆಟ್ ಹೀಗೆ ಮಾರಾಟವಾಗಿ ಹೋಯಿತು! ಮರುದಿನ ತೋಟದವರ ಫೋನು: "ಮಾರಾಯ್ರೆ, ನಿಮ್ಮದು ಎಂತ ಪೈಪು? ಮುಚ್ಚಳ ತೆಗೆದ್ರೆ ನೀರು ಹೋಗುವುದಿಲ್ಲ, ಕಾಗದ ಬರ್ತದೆ!" ಭಾವ ಚಪ್ಪಲಿ ಹಾಕಿಕೊಳ್ಳದೆ ಓಡಿದರು.

ಅಂದು ಅಕ್ಕ ಅಂಗಳದಲ್ಲಿ ನಿಂತು ಹೇಳಿದ ಮಾತು ಊರಿನಲ್ಲಿ ಈಗಲೂ ಓಡಾಡುತ್ತದೆ. "ಮನೆಯಲ್ಲಿ ಇಷ್ಟು ಪೈಪುಂಟು. ಒಂದರಲ್ಲಾದ್ರೂ ನೀರು ಬರ್ತದಾ?" ಮದುವೆಯಾದಾಗಿನಿಂದ ಅಕ್ಕ ಒಂದೇ ಒಂದು ನಕಾಶೆಯನ್ನು ಬಿಡಿಸಿ ನೋಡಿದವಳಲ್ಲ. ಭಾವ ಕರೆದರೆ, "ಒಲೆಯಲ್ಲಿ ಹಾಲುಂಟು," ಎನ್ನುತ್ತಾಳೆ. ಅವಳ ಒಲೆಯಲ್ಲಿ ಯಾವಾಗಲೂ ಹಾಲಿರುತ್ತದೆ.

ಇಷ್ಟು ನಕ್ಕದ್ದಾಯಿತು. ಈಗ ನನ್ನ ಎದೆಯಲ್ಲಿ ಒಂದೂವರೆ ವರ್ಷದಿಂದ ಕುಳಿತಿರುವ ವಿಷಯವನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಬರೆಯಲು ನನಗೆ ಬರುವುದಿಲ್ಲ. ಭಾವನ ಕಣ್ಣು ಹೋಗುತ್ತಿದೆ. ಗ್ಲಾಕೋಮಾ ಎನ್ನುತ್ತಾರೆ. ನೋವಿಲ್ಲ, ಕೆಂಪಾಗುವುದಿಲ್ಲ. ನೋಟ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತ ಬರುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಹನಿಮದ್ದು ಬಿಟ್ಟು ಉಳಿದದ್ದನ್ನು ಕಾಯಬೇಕು, ಅಷ್ಟೇ. ಅವರಿಗೆ ಮಕ್ಕಳಿಲ್ಲ. ಅಕ್ಕನಿಗೆ ಕಾರು ಬಿಡಲು ಬರುವುದಿಲ್ಲ. ಹಾಗಾಗಿ ಮಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಮೂಡುಬಿದಿರೆಯಲ್ಲಿರುವ ನನ್ನದು.

ನಾನೋ, ಹುಟ್ಟು ಅಂಜುಬುರುಕಿ! ಮಿಜಾರಿನ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತೇನೆ. ಬೆಳಿಗ್ಗೆ ಮನೆಯ ಬೀಗ ಹಾಕಿ ಗೇಟಿನವರೆಗೆ ಹೋಗಿ, ಮತ್ತೆ ಬಂದು ಬೀಗ ಎಳೆದು ನೋಡಿ, ಗ್ಯಾಸು ಆಫ್ ಮಾಡಿದ್ದೇನೆಯೇ ಎಂದು ಕಿಟಕಿಯಿಂದ ಇಣುಕುವವಳು. ಇಂಥವಳ ಕೈಗೆ ಒಬ್ಬರ ಕಣ್ಣು ಕೊಟ್ಟರೆ ಏನಾಗಬೇಡ? ಶಾಲೆಯಲ್ಲಿ ಫೋನು ನಡುಗಿದರೆ ಸಾಕು, ಭಾವ ಎಡವಿ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದಾರೆ ಎಂದೇ ನನ್ನ ಲೆಕ್ಕ. ತೆಗೆದು ನೋಡಿದರೆ ಭಾವನದೇ ಸಂದೇಶ: "ಭೂತಾನದ ಗಡಿ ಸಿಕ್ಕಿತು."

ಕಾಯಿಲೆ ಗೊತ್ತಾದದ್ದು ಡಾಕ್ಟರಿಂದಲ್ಲ, ಬಂಟ್ವಾಳದ ಗುಜರಿ ಅಂಗಡಿಯ ಹಿರಿಯರಿಂದ! ಒಂದು ಭಾನುವಾರ ಭಾವ, "ಬಂಟ್ವಾಳಕ್ಕೆ ಹೋಗುವ, ನನಗೆ ಮೋಸ ಆಗಿದೆ," ಎಂದು ನನ್ನನ್ನು ಹೊರಡಿಸಿದರು. ಕಂಕುಳಲ್ಲಿ ಪೈಪು. ಹಿಂದಿನ ವಾರ ತಂದಿದ್ದ ವಾಯವ್ಯ ಗಡಿನಾಡಿನ ನಕಾಶೆ ಅದರಲ್ಲಿತ್ತು. ಅಂಗಡಿಯ ಬ್ಯಾರಿ ಹಿರಿಯರು ತಕ್ಕಡಿಯ ಪಕ್ಕದಲ್ಲಿ ಕುಳಿತು ಹಳೆಯ ಪಠ್ಯಪುಸ್ತಕಗಳಿಗೆ ಹಗ್ಗ ಕಟ್ಟುತ್ತಿದ್ದರು. ಭಾವ ಸುರುಳಿಯನ್ನು ಅವರೆದುರು ಬಿಡಿಸಿ ಗುಡುಗಿದರು.

"ಇಷ್ಟು ವರ್ಷದ ವಿಶ್ವಾಸ! ಅರ್ಧ ಅಫಘಾನಿಸ್ತಾನ ಕತ್ತರಿಸಿ ಇಟ್ಟುಕೊಂಡಿದ್ದೀರಲ್ಲ?"

"ನಾನು ಅಫಘಾನಿಸ್ತಾನ ಇಟ್ಟುಕೊಂಡು ಎಂತ ಮಾಡ್ಲಿ ಮಾರಾಯ್ರೆ? ಈ ಅಂಗಡಿಗೇ ಜಾಗ ಇಲ್ಲ!"

"ಹಾಗಾದ್ರೆ ಹೆರಾತ್ ಪಟ್ಟಣ ಎಲ್ಲುಂಟು? ಈ ಎಡಬದಿ ಎಲ್ಲಿ ಹೋಯ್ತು?"

ನಾನು ಬಗ್ಗಿ ನೋಡಿದೆ. ಹೆರಾತ್ ಇತ್ತು. ಎಡಬದಿಯಲ್ಲಿ, ದಪ್ಪ ಅಕ್ಷರದಲ್ಲಿ, ಭಾವನ ಹೆಬ್ಬೆರಳಿನಿಂದ ಗೇಣು ದೂರದಲ್ಲಿ ಇತ್ತು. ಹಾಳೆಯ ಅಂಚಿನ ಬಣ್ಣದ ಪಟ್ಟಿಯೂ ಹಾಗೇ ಇತ್ತು. ನಾನು ಬಾಯಿ ತೆರೆಯುವ ಮೊದಲು ಹಿರಿಯರು ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ನಕಾಶೆಯನ್ನು ಭಾವನ ಕೈಯಿಂದ ತೆಗೆದುಕೊಂಡು, "ತಪ್ಪಾಗಿರ್ಬಹುದು. ಇಲ್ಲೇ ಇರ್ಲಿ, ಹುಡುಕಿ ಕೊಡ್ತೇನೆ," ಎಂದು ತಾವು ಮಾಡದ ತಪ್ಪನ್ನು ಒಪ್ಪಿಕೊಂಡರು. ಭಾವ ಗೆದ್ದ ಗತ್ತಿನಲ್ಲಿ ಕಾರಿನ ಕಡೆ ನಡೆದಾಗ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ಟೀಚರ್, ಕಾಗದ ಸರಿ ಉಂಟು. ಅವರ ಕಣ್ಣು ತೋರಿಸಿ. ನನ್ನ ಅಣ್ಣನಿಗೂ ಹೀಗೇ ಶುರು ಆದದ್ದು. ತಡ ಮಾಡ್ಬೇಡಿ."

ಅಲ್ಲಿಂದ ವೇಣೂರಿಗೆ ಬರುವಾಗ ದಾರಿಯುದ್ದ ಭಾವ ಹೆರಾತಿನ ಬಗ್ಗೆ ಮಾತಾಡಿದರು. ನನಗೆ ಒಂದಕ್ಷರ ಕೇಳಿಸಿದರೆ ಕೇಳಿ! ಹಿಂದಿನ ವಾರವಷ್ಟೇ ಇದೇ ಮನುಷ್ಯ ಇದೇ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗಿದ್ದರು ಎಂದು ನೆನಪಾಗಿ ನಾನು ಕಾರಿನ ವೇಗ ಇಳಿಸಿದೆ.

ಮಂಗಳೂರಿನ ಡಾಕ್ಟರಮ್ಮ ಬಹಳ ತಾಳ್ಮೆಯವರು. ತಾಳ್ಮೆ ಎಷ್ಟಿದೆ ಎಂದು ಅವರಿಗೇ ಗೊತ್ತಾದದ್ದು ಭಾವ ಬಂದ ಮೇಲೆ. ನೋಟದ ಅಗಲ ಅಳೆಯುವ ಒಂದು ಯಂತ್ರ ಉಂಟು. ಬಿಳಿ ಬೋಗುಣಿಯಂಥದರ ಎದುರು ಗಲ್ಲ ಊರಿ, ಒಂದು ಕಣ್ಣು ಮುಚ್ಚಿಕೊಂಡು, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಕಂಡದ್ದು ಬಿಳಿ, ಕಾಣದ್ದು ಕಪ್ಪು ಎಂದು ಕೊನೆಗೆ ಒಂದು ಚಿತ್ರ ಬರುತ್ತದೆ. ನಾನು ಹೊರಗಿನ ಬೆಂಚಿನಲ್ಲಿ ಕುಳಿತು ಕಿವಿಗೊಟ್ಟೆ. ಒಳಗಿನಿಂದ ಟಕ್, ಟಕ್, ಟಕ್ ಎಂದು ಒಂದೇ ಸಮನೆ ಸದ್ದು! ಅಬ್ಬ, ಎಲ್ಲ ಕಾಣುತ್ತಿದೆ, ಗುಜರಿಯವರ ಮಾತು ಸುಳ್ಳಾಗಲಿ ದೇವರೇ ಎಂದು ಸಮಾಧಾನದಿಂದ ಉಸಿರು ಬಿಟ್ಟೆ.

ಚಿತ್ರ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಯಜಮಾನರೇ, ಯಂತ್ರ ಬೆಳಕೇ ಹಾಕದಿದ್ದಾಗಲೂ ನೀವು ಒತ್ತಿದ್ದೀರಿ."

"ಅಲ್ಲಿ ಬೆಳಕು ಇತ್ತು ಡಾಕ್ಟ್ರೇ."

"ಕಂಡಿರಾ?"

"ಕಾಣ್ಲಿಲ್ಲ. ಆದ್ರೆ ಅಷ್ಟು ಜಾಗ ಖಾಲಿ ಬಿಡ್ತಾರಾ? ಇರ್ಬೇಕಲ್ಲ!"

ಪರೀಕ್ಷೆ ಮತ್ತೆ ಮಾಡಬೇಕಾಯಿತು. ಈ ಸಲ ಸದ್ದು ವಿರಳವಾಗಿತ್ತು. ಟಕ್. ಬಹಳ ಹೊತ್ತು ಏನೂ ಇಲ್ಲ. ಟಕ್. ನಾನು ಬೆಂಚಿನ ಅಂಚು ಹಿಡಿದುಕೊಂಡು ಪ್ರತಿ ಟಕ್ಕಿಗೂ ಕಾದೆ. ಎಡಗಣ್ಣಿನಲ್ಲಿ ನಡುವೆ ಬಿಲ್ಲೆಯಷ್ಟು ಉಳಿದಿತ್ತು. ಬಲಗಣ್ಣು ಪರವಾಗಿಲ್ಲ, ಆದರೆ ಅದರಲ್ಲೂ ಮೂಗಿನ ಕಡೆಯದ್ದು ಕಪ್ಪು. ಎರಡೂ ಸೇರಿದರೆ ಎಡಬದಿಯ ಪ್ರಪಂಚ ಭಾವನಿಗೆ ಇಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

ಮರಳುವಾಗ ನನಗೆ ಸಿಟ್ಟು. ಭಯವಾದರೆ ನನಗೆ ಬರುವುದೇ ಸಿಟ್ಟು! "ಹಳೇ ಸರ್ವೆಯವರಿಗೆ ದಿನಾ ಬಯ್ತೀರಲ್ಲ ಭಾವ, ಹೋಗದ ಜಾಗಕ್ಕೆ ನದಿ ಎಳೆದ್ರು, ಕಾಣದ ಬೆಟ್ಟ ಬರೆದ್ರು ಅಂತ. ಈಗ ಕಾಣದ ಬೆಳಕಿಗೆ ಗುಂಡಿ ಒತ್ತಿದ್ದು ಯಾರು?"

ಮೂಡುಬಿದಿರೆ ದಾಟಿದ ಮೇಲೆ ಭಾವ ತುಳುವಿನಲ್ಲಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು, "ಹೆದರಿಕೆ ಆಯ್ತು ಮಾರಾಯ್ತಿ." ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸಾಯಂಕಾಲ ಅಕ್ಕನಿಗೆ ಆ ಚಿತ್ರ ತೋರಿಸಿ ನಾನೇ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಎದ್ದು ಒಳಗೆ ಹೋದಳು. ಒಲೆಯಲ್ಲಿ ಹಾಲಿತ್ತಂತೆ.

ಇಷ್ಟಾದ ಮೇಲಾದರೂ ಈ ಮನುಷ್ಯ ಸುಮ್ಮನಿರಬೇಕಲ್ಲ? ಇಲ್ಲ! ನೋಡಲು ಉಳಿದ ದಿನ ಎಷ್ಟೋ ಎಂದು ನಕಾಶೆ ಹುಡುಕುವುದು ದುಪ್ಪಟ್ಟಾಯಿತು. ಘಟ್ಟದ ಮೇಲೆ ಇವರಂಥವರೇ ಇನ್ನೊಬ್ಬರಿದ್ದಾರೆ, ಕಾಫಿ ತೋಟದವರು. ಅವರ ಬಳಿ ಪಾಮೀರಿನ ಗಡಿಯ ಹಾಳೆಯೊಂದು ಉಂಟಂತೆ. ಅನ್ನದ ಸಮಸ್ಯೆಯಿಂದ ಭಾವ ಮೇಲೆ ಹತ್ತುವುದಿಲ್ಲ. ಸೆಕೆಯ ಸಮಸ್ಯೆಯಿಂದ ಅವರು ಕೆಳಗೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಮಾತುಕತೆ ನಡೆದು, ಚಾರ್ಮಾಡಿಯ ಚೆಕ್‌ಪೋಸ್ಟಿನ ಹತ್ತಿರ ಹಸ್ತಾಂತರ ಎಂದು ತೀರ್ಮಾನವಾಯಿತು. ಸಾರಥಿ ಯಾರು ಎಂದು ಹೇಳಬೇಕಾಗಿಲ್ಲ.

ಯೋಚಿಸಿ ನೋಡಿ. ಚುನಾವಣೆಯ ಸಮಯ. ರಸ್ತೆಗೆ ಅಡ್ಡ ಕಂಬ. ಈಚೆಯಿಂದ ಬಂದ ಮುದುಕರು, ಆಚೆಯಿಂದ ಬಂದ ಮುದುಕರು, ಇಬ್ಬರೂ ಅತ್ತಿತ್ತ ನೋಡಿ, ಎರಡೂ ಕಡೆ ಮುಚ್ಚಳ ಬಡಿದ ಪೈಪೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಕಾನ್‌ಸ್ಟೇಬಲ್ ಒಂದು ಹೆಜ್ಜೆ ಇಡುವ ಮೊದಲೇ ನಾನು ಕಾರಿನಿಂದ ಇಳಿದು ಕೈ ಮೇಲೆತ್ತಿ ನಿಂತಿದ್ದೆ.

"ಏನ್ರೀ ಇದು, ಪೈಪಿನ್ಯಾಗ ಏನೈತಿ?" ಎಂದರು ಅವರು. ಬಯಲುಸೀಮೆಯಿಂದ ಬಂದವರು.

"ಪಾಮೀರ್," ಎಂದರು ಭಾವ.

"ಆಂ?"

"ಮೂರು ಸಾಮ್ರಾಜ್ಯಗಳು ಸೇರುವ ಸ್ಥಳ. ನೀವು ಕುಳಿತುಕೊಳ್ಳಿ, ಹೇಳುತ್ತೇನೆ." ಭಾವ ಕನ್ನಡಕ್ಕೆ ಬಂದಿದ್ದರು. ಇನ್ನು ಮುಗಿಯಿತು!

ಕಾನ್‌ಸ್ಟೇಬಲ್ ಜೀಪಿನ ಬಾನೆಟ್ಟಿನ ಮೇಲೆ ನಕಾಶೆ ಬಿಡಿಸಿಕೊಂಡು ಇಪ್ಪತ್ತು ನಿಮಿಷ ಕೇಳಿದರು. ಕೊನೆಗೆ ಬೇಡಿಕೊಳ್ಳುವ ದನಿಯಲ್ಲಿ, "ಯಜಮಾನ್ರ, ಸಾಕ್ರಿ, ಪುಸ್ತಕದಾಗ ಹೆಸರು ಬರ್ದು ಹೋಗ್ರಿ," ಎಂದರು. ಭಾವ ಪೆನ್ನು ಹಿಡಿದು ಹಾಳೆಯ ನಟ್ಟನಡುವಿನಿಂದ ತಮ್ಮ ಹೆಸರು ಬರೆಯತೊಡಗಿದರು. ಹೆಸರು ಮುಗಿಯುವ ಮೊದಲು ಹಾಳೆ ಮುಗಿಯಿತು.

"ಇಲ್ಲಿ ಎಡಕ್ಕ ಇಷ್ಟ್ ಜಾಗ ಐತಲ್ರಿ, ಬಿಟ್ಟೀರಲ್ಲ?"

"ಎಲ್ಲಿ?" ಎಂದರು ಭಾವ.

ಕಾನ್‌ಸ್ಟೇಬಲ್ ಒಂದು ಕ್ಷಣ ಭಾವನ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ತಾವೇ ಹೆಸರು ಕೇಳಿ ಬರೆದು, ಭಾವನ ತೋಳು ಹಿಡಿದು ಕಾರಿನವರೆಗೆ ತಂದು ಕೂರಿಸಿದರು. ನನಗೆ ಅಷ್ಟು ಹೊತ್ತು ಇದ್ದ ಪೊಲೀಸರ ಭಯ ಹೋಗಿತ್ತು. ಅದಕ್ಕಿಂತ ದೊಡ್ಡ ಭಯ ಆ ಜಾಗದಲ್ಲಿ ಕುಳಿತಿತ್ತು.

ಮೊನ್ನೆ ಮೊನ್ನೆ ಮತ್ತೆ ಪರೀಕ್ಷೆ ಆಯಿತು. ಭಾವ ಈಗ ಪ್ರಾಮಾಣಿಕವಾಗಿ ಗುಂಡಿ ಒತ್ತುತ್ತಾರೆ. ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನಿಟ್ಟು, ಪಂಪು ಬಿಚ್ಚುವಾಗಿನ ಗಮನದಿಂದ, ತಲೆಯನ್ನು ಎಡಕ್ಕೆ ತಿರುಗಿಸಿ ತಿರುಗಿಸಿ ಹೋಲಿಸಿದರು. "ಈ ಮೂಲೆಯಲ್ಲಿ ಒಂದು ತುಂಡು ಹೋಯ್ತು ಡಾಕ್ಟ್ರೇ. ಆದ್ರೆ ಕೆಳಗಿನ ಕಡೆ ನಮ್ಮವರು ಗಟ್ಟಿ ನಿಂತಿದ್ದಾರೆ," ಎಂದರು. ಡಾಕ್ಟರಮ್ಮ ನಕ್ಕರು. ನಾನು ನಗಲಾರದೆ ಬಾಟಲಿಯ ನೀರು ಕುಡಿದೆ. ಆ ತುಂಡು ಎಷ್ಟು ಸಣ್ಣದು ಎಂದು ಎಲ್ಲರೂ ಹೇಳುತ್ತಾರೆ, ಸಣ್ಣದು ಎಷ್ಟು ಸಲ ಹೋದರೆ ದೊಡ್ಡದಾಗುತ್ತದೆ ಎಂದು ಯಾರೂ ಹೇಳುವುದಿಲ್ಲ.

ಅದರ ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಸಣ್ಣದೊಂದು ಪೂಜೆ. ಹತ್ತಿರದವರು ಹತ್ತು ಹನ್ನೆರಡು ಮಂದಿ. ಬೆಳ್ತಂಗಡಿಯಿಂದ ನಮ್ಮ ಸೋದರತ್ತೆ ಬಂದಿದ್ದರು. ಶಾಸ್ತ್ರದಲ್ಲಿ ಕೂದಲೆಳೆಯಷ್ಟು ಆಚೀಚೆ ಆದರೆ ಸಹಿಸದವರು. ಊಟಕ್ಕೆ ಎಲೆ ಹಾಕಿದ್ದಾಯಿತು. ಅಕ್ಕ ಉಪ್ಪಿನ ಬಟ್ಟಲು ಹಿಡಿದು ಸಾಲಿನ ತುದಿಯಿಂದ ಬಡಿಸುತ್ತ ಬಂದಳು.

"ಎಂಥದ್ದಿದು?" ಅತ್ತೆಯ ದನಿ ಜಗಲಿಗೂ ಕೇಳಿಸಿತು. "ಉಪ್ಪು ಬಲಕ್ಕೆ ಬಡಿಸ್ತಾರಾ? ಎಡ ತುದಿಗಲ್ವಾ ಉಪ್ಪು, ಉಪ್ಪಿನಕಾಯಿ? ಇಷ್ಟು ವರ್ಷ ಸಂಸಾರ ಮಾಡಿ ಎಲೆಗೆ ಬಡಿಸ್ಲಿಕ್ಕೆ ಮರೆತು ಹೋಯ್ತಾ ನಿನಗೆ?"

ನಾನು ನನ್ನ ಎಲೆ ನೋಡಿದೆ. ಉಪ್ಪು ಬಲಕ್ಕಿತ್ತು. ಪಕ್ಕದವರ ಎಲೆಯಲ್ಲೂ ಬಲಕ್ಕೆ. ಎಲ್ಲರದ್ದೂ ಹಾಗೇ. ಅಕ್ಕ, "ನಮ್ಮಲ್ಲಿ ಈಗ ಹೀಗೇ ಅತ್ತೆ," ಎಂದಷ್ಟೇ ಹೇಳಿ ಉಪ್ಪಿನಕಾಯಿಯನ್ನೂ ಬಲಕ್ಕೇ ಇಡುತ್ತ ಹೋದಳು. ಸಾಲಿನ ನಡುವೆ ಕುಳಿತ ಭಾವ ಯಾರೊಡನೆಯೋ ಪಾಮೀರಿನ ಬಗ್ಗೆ ಮಾತಾಡುತ್ತಿದ್ದರು. ನಾನು ಕುಳಿತಲ್ಲಿಂದ ಎದ್ದು ಅವಳ ಹಿಂದೆ ಅಡಿಗೆಮನೆಗೆ ಹೋದೆ.

"ಅಕ್ಕ, ಎಂತ ಇದು?"

ಅವಳು ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. "ಎಡಕ್ಕೆ ಬಡಿಸಿದ್ರೆ ಅವರಿಗೆ ಕಾಣುವುದಿಲ್ಲ. ನಾಲ್ಕು ತಿಂಗಳು ಅವರು ಉಪ್ಪು ಮುಟ್ಟದೆ ಉಂಡದ್ದು ಗೊತ್ತುಂಟಾ ನಿನಗೆ? ನಾನು ಎಲೆ ತೆಗೆಯುವಾಗ ನೋಡಿದ್ರೆ ಉಪ್ಪು ಹಾಗೇ, ಉಪ್ಪಿನಕಾಯಿ ಹಾಗೇ. ಬೇಡವೋ ಏನೋ ಅಂತ ನಾನು ಸುಮ್ಮನಿದ್ದೆ. ಒಂದು ದಿನ ಕೇಳಿದೆ. ಅದಕ್ಕೆ ಅವರು ಹೇಳಿದ್ರು, ‘ಬಿ.ಪಿ. ಬರ್ತದೆ ಅಂತ ನೀನೇ ನಿಲ್ಲಿಸಿದ್ದು ಅಂತ ಗ್ರಹಿಸಿದೆ, ನಿನಗೆ ಬೇಜಾರ ಆಗ್ಬಾರ್ದು ಅಂತ ಕೇಳ್ಲಿಲ್ಲ,’ ಅಂತ."

ಪಕ್ಕದಲ್ಲಿ ತೆರೆದಿಟ್ಟ ಅಕ್ಕಿ ಡಬ್ಬದ ಮೇಲೆ ನನ್ನ ಕಣ್ಣು ಬಿತ್ತು. ಡಾಕ್ಟರ ಎರಡೂ ಚಿತ್ರಗಳನ್ನು ಅವಳು ಅಕ್ಕಿ ಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸಿದ್ದಳು. ದಿನಾ ಅನ್ನಕ್ಕೆ ಅಕ್ಕಿ ತೆಗೆಯುವಾಗ ನೋಡಿಕೊಳ್ಳುತ್ತಾಳಂತೆ.

"ಅವರಿಗೆ ಮಾತ್ರ ಬಲಕ್ಕೆ ಬಡಿಸಿದ್ರೆ ಸಾಕಿತ್ತಲ್ಲ?" ಎಂದೆ.

"ಹತ್ತು ಜನ ಕೂತಲ್ಲಿ ಅವರ ಎಲೆ ಒಂದು ಬೇರೆ ಆಗುವುದು ಬೇಡ," ಎಂದು ಅಕ್ಕ ಸಾರಿನ ಪಾತ್ರೆ ಎತ್ತಿಕೊಂಡಳು. "ನೀನು ಅಳುವುದಾದ್ರೆ ಇಲ್ಲೇ ಅತ್ತು ಬಾ."

ನಾನು ಅಲ್ಲೇ ಅತ್ತುಬಿಟ್ಟೆ. ಮುಖ ಒರಸಿಕೊಂಡು ಹೊರಗೆ ಬಂದಾಗ ಸೋದರತ್ತೆ ಅಡಿಗೆಮನೆಯ ಬಾಗಿಲಿನ ಬಳಿಯಿಂದ ಮರಳಿ ತಮ್ಮ ಎಲೆಯ ಕಡೆ ಹೋಗುತ್ತಿದ್ದರು. ಬಯ್ಯಲು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಅತ್ತೆ ಕುಳಿತು ತಮ್ಮ ಎಲೆಯ ಬಲತುದಿಯಿಂದ ಉಪ್ಪು ತೆಗೆದು ಅನ್ನಕ್ಕೆ ಬೆರೆಸಿದರು. ಆಮೇಲೆ ಭಾವನ ಕಡೆ ಬಾಗಿ, "ಉಪ್ಪಿನಕಾಯಿ ಒಳ್ಳೆದುಂಟು, ಇನ್ನೊಂದು ಹಾಕಿಸ್ಕೊ ಮಗಾ," ಎಂದರು.